ಮನೆಯ ಬೇಲಿ, ಊರಿನ ಕಟ್ಟಳೆ

ಬಯಲುಸೀಮೆಯವರಿಗೆ ಬೇಲಿಯೆಂದರೆ ಕಳ್ಳಿ, ಕತ್ತಾಳೆ, ಕಲ್ಲುಕೂಚ. ಕರಾವಳಿಯವರಿಗೆ ಮುರಕಲ್ಲಿನ ಪಾಗಾರ. ಮಲೆನಾಡಿನವರಿಗೆ ಅಗಳು ಮತ್ತು ದಣಪೆ. ಪಟ್ಟಣದವರು ಇವೆಲ್ಲಕ್ಕೂ ಕಾಂಪೌಂಡು ಎಂಬ ಒಂದೇ ಮಾತಿನಲ್ಲಿ ತೃಪ್ತರು. ಹೆಸರು ಯಾವುದಾದರೂ ಅದು ಮಾಡುವ ಕೆಲಸ ಎರಡು. ದನವನ್ನೂ ಕಳ್ಳನನ್ನೂ ಹೊರಗಿಡುವುದು ಒಂದು. ಇಲ್ಲಿಯವರೆಗೆ ನನ್ನದು ಎಂದು ಸಾರುವುದು ಇನ್ನೊಂದು. ವ್ಯಾಜ್ಯಗಳು ಬಹುಪಾಲು ಹುಟ್ಟುವುದು ಈ ಎರಡನೆಯ ಕೆಲಸದಿಂದ.

ಇದು ಹೊಸ ಜಗಳವೂ ಅಲ್ಲ. ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ಕಲ್ಯಾಣದಲ್ಲಿದ್ದ ವಿಜ್ಞಾನೇಶ್ವರನು ಯಾವ ಸ್ಮೃತಿಗೆ 'ಮಿತಾಕ್ಷರಾ' ವ್ಯಾಖ್ಯಾನವನ್ನು ಬರೆದನೋ ಆ ಯಾಜ್ಞವಲ್ಕ್ಯಸ್ಮೃತಿಯಲ್ಲಿ ಸೀಮಾವಿವಾದಕ್ಕೆಂದೇ ಒಂದು ಪ್ರಕರಣವಿದೆ. ಮನುಸ್ಮೃತಿಯಂತೂ ಎಲ್ಲೆಯಲ್ಲಿ ಆಲ, ಅರಳಿ, ಮುತ್ತುಗಗಳನ್ನು ನೆಡಬೇಕೆಂದು ಹೇಳಿ, ಅಷ್ಟು ಸಾಲದೆಂದು ನೆಲದೊಳಗೆ ಕಲ್ಲು, ಮೂಳೆ, ಹೊಟ್ಟು, ಬೂದಿ, ಇದ್ದಿಲುಗಳನ್ನು ಹೂಳಿಸುತ್ತದೆ. ಮೇಲೆ ಕಾಣುವ ಗುರುತು ರಾತ್ರೋರಾತ್ರಿ ಸರಿಯಬಹುದೆಂಬುದನ್ನು ಶಾಸ್ತ್ರಕಾರರು ಚೆನ್ನಾಗಿ ಬಲ್ಲವರಾಗಿದ್ದರು. ನಮ್ಮ ಬಾಂದುಕಲ್ಲುಗಳ ಗತಿಯನ್ನು ನೋಡಿದವರಿಗೆ ಈ ಎಚ್ಚರಿಕೆ ಅತಿಯೆನಿಸದು.

ಆದುದರಿಂದ ಮೊದಲ ಕೆಲಸ ಇಟ್ಟಿಗೆ ತರಿಸುವುದಲ್ಲ, ಅಳತೆ ಮಾಡಿಸುವುದು. ಕ್ರಯಪತ್ರದ ಚಕ್ಕುಬಂದಿ, ಬಡಾವಣೆಯ ನಕ್ಷೆ, ಖಾತೆ ಇವು ಮೂರೂ ಒಂದನ್ನೊಂದು ಒಪ್ಪಬೇಕು. ಸರ್ವೆ ನಂಬರಿನ ಜಮೀನಾದರೆ ಹದ್ದುಬಸ್ತಿಗೆ ಅರ್ಜಿ ಹಾಕಬಹುದು. ಭೂಮಾಪಕರು ಅಕ್ಕಪಕ್ಕದ ಹಿಡುವಳಿದಾರರಿಗೆ ತಿಳುವಳಿಕೆ ಕೊಟ್ಟು ಬಂದು ಅಳೆದು ಗುರುತು ಮಾಡಿಕೊಡುತ್ತಾರೆ. ಹಳೆಯ ಬೇಲಿ ಇದ್ದಲ್ಲೇ ಎಲ್ಲೆಯಿದೆಯೆಂದು ನಂಬಿ ಕಟ್ಟುವುದು ಅಪಾಯ. ಓತಿಗೆ ಬೇಲಿ ಸಾಕ್ಷಿ ಎಂಬ ಗಾದೆಯನ್ನು ನ್ಯಾಯಾಲಯ ಒಪ್ಪುವುದಿಲ್ಲ. ಗೋಡೆಯ ಮೇಲ್ಭಾಗ ನಮ್ಮ ನೆಲದಲ್ಲಿದ್ದು ತಳಪಾಯ ಮಾತ್ರ ಒಂದು ಗೇಣು ಆಚೆ ಹೋದರೂ ಅದು ಒತ್ತುವರಿಯೇ.

ಇನ್ನು ಅನುಮತಿಯ ಮಾತು. ನಮ್ಮ ರಾಜ್ಯದಲ್ಲಿ 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯಿದೆಯ ಪ್ರಕಾರ ರೂಪಿಸಿದ ಯೋಜನೆಗಳು ಯಾವ ವಲಯದಲ್ಲಿ ಏನಿರಬೇಕು, ರಸ್ತೆ ಎಷ್ಟು ಅಗಲವಾಗಬೇಕು ಎಂಬುದನ್ನು ಗೊತ್ತುಪಡಿಸುತ್ತವೆ. ಕಟ್ಟಡದ ಉಪವಿಧಿಗಳನ್ನು ಜಾರಿಗೊಳಿಸುವುದು ಸ್ಥಳೀಯ ಸಂಸ್ಥೆ. ಎತ್ತರದ ವಿಷಯದಲ್ಲಿ ರಾಷ್ಟ್ರೀಯ ಕಟ್ಟಡ ಸಂಹಿತೆ ಒಂದು ಮಾದರಿಯನ್ನು ಮುಂದಿಟ್ಟಿದೆ. ಮುಂದಿನ ರಸ್ತೆಯ ನಡುಗೆರೆಯ ಮಟ್ಟದಿಂದ ಆವರಣದ ಗೋಡೆ 1.5 ಮೀಟರು ಮೀರಬಾರದು, ಮೇಲಿನ 0.9 ಮೀಟರನ್ನು ಜಾಲರಿಯಂತೆ ತೆರವಾಗಿ ಬಿಟ್ಟರೆ 2.4 ಮೀಟರಿನವರೆಗೆ ಹೋಗಬಹುದು. ಮೂಲೆ ನಿವೇಶನದಲ್ಲಿ ರಸ್ತೆಗಳು ಕೂಡುವ ಕಡೆ ಎರಡೂ ಬದಿಗೆ 10 ಮೀಟರು ಉದ್ದಕ್ಕೆ ಗಟ್ಟಿಗೋಡೆ 0.75 ಮೀಟರು ಮಾತ್ರ, ಅದರ ಮೇಲೆ ಬೇಕಾದರೆ ಕಂಬಿ. ಸಂಹಿತೆ ತಾನಾಗಿಯೇ ಕಾನೂನಲ್ಲ; ಊರಿನ ಉಪವಿಧಿ ಬೇರೆಯಾಗಿದ್ದರೆ ಉಪವಿಧಿಯೇ ನಡೆಯುತ್ತದೆ. ಆದುದರಿಂದ ಪಾಲಿಕೆಯಲ್ಲೋ ಪಂಚಾಯಿತಿಯಲ್ಲೋ ವಿಚಾರಿಸದೆ ಕೆಲಸ ಹಿಡಿಯಬಾರದು.

ನನ್ನ ನೆಲದಲ್ಲಿ ನನ್ನ ಗೋಡೆಗೆ ಇವರದೇನು ಅಪ್ಪಣೆ ಎಂದು ಸಿಡುಕುವವರುಂಟು. ಮೂಲೆಯಲ್ಲಿ ತಿರುಗುವ ಲಾರಿಯವನಿಗೆ ಅತ್ತಕಡೆಯಿಂದ ಸೈಕಲ್ಲಿನಲ್ಲಿ ಬರುವ ಹುಡುಗಿ ಕಾಣಬೇಕಾದರೆ ಆ ಗೋಡೆ ತಗ್ಗಿರಲೇಬೇಕು. ಆ 0.75 ಮೀಟರಿನ ಅರ್ಥ ಇಷ್ಟೆ.

ನಮ್ಮ ಜನಕ್ಕೆ ಹೆಚ್ಚು ತಿಳಿಯದಿರುವುದು 1882ರ ಅನುಭೋಗ ಹಕ್ಕುಗಳ ಕಾಯಿದೆ. ನೆರೆಯವರ ಮನೆಗೆ ಕಿಟಕಿಯಿಂದ ಬರುವ ಬೆಳಕು ಗಾಳಿಯಾಗಲಿ, ನಮ್ಮ ಹಿತ್ತಲ ಮೂಲಕ ಅವರು ನಡೆದಾಡುವ ದಾರಿಯಾಗಲಿ, 20 ವರ್ಷ ಅಡೆತಡೆಯಿಲ್ಲದೆ ನಡೆದು ಬಂದಿದ್ದರೆ ಅದು ಅವರ ಹಕ್ಕಾಗುತ್ತದೆ. ದಾರಿಯನ್ನು ಅವರು ಬಹಿರಂಗವಾಗಿ, ಹಕ್ಕೆಂದೇ ಬಳಸಿರಬೇಕು. "ಹೋಗಿ ಬನ್ನಿ ರಾಯರೆ, ಅದಕ್ಕೇನಂತೆ" ಎಂದು ನಾವು ಕೊಟ್ಟ ಅಪ್ಪಣೆಯಿಂದ ನಡೆದಿದ್ದರೆ ಎಷ್ಟು ವರ್ಷ ಕಳೆದರೂ ಹಕ್ಕು ಹುಟ್ಟದು. ಸೌಜನ್ಯಕ್ಕೆ ಕಾನೂನು ದಂಡ ವಿಧಿಸಿಲ್ಲವೆಂಬುದು ಸಮಾಧಾನದ ಸಂಗತಿ. ಖಾಲಿ ನಿವೇಶನಕ್ಕೆ ಬೆಳಕಿನ ಹಕ್ಕು ಬೆಳೆಯುವುದಿಲ್ಲ. ಅದು ಕಟ್ಟಡದ ಕಿಟಕಿಗೆ ಸಂಬಂಧಿಸಿದ್ದು. ಕಿಟಕಿಯ ಬೆಳಕು ತುಸು ಕುಂದಿದ ಮಾತ್ರಕ್ಕೂ ದಾವೆ ನಿಲ್ಲದು, ಗಣನೀಯ ಹಾನಿಯಾಗಿರಬೇಕು.

ಇಲ್ಲೊಂದು ಗಡುವಿದೆ. ಇಂತಹ ದಾರಿಗೆ ಅಡ್ಡಲಾಗಿ ಯಾರಾದರೂ ಬೇಲಿ ಹಾಕಿದರೆ, ಅದು ಯಾರ ಕೆಲಸವೆಂದು ತಿಳಿದ ಮೇಲೂ ಒಂದು ವರ್ಷ ಸುಮ್ಮನಿದ್ದವನು ಆ ಅಡ್ಡಿಗೆ ಒಪ್ಪಿದಂತೆ. 20 ವರ್ಷಗಳ ಬಳಕೆಯ ಲೆಕ್ಕ ಅಲ್ಲಿಗೆ ಕಡಿದುಹೋಗುತ್ತದೆ. ಸಂಕೋಚದಿಂದ ಬಾಯಿಮುಚ್ಚಿಕೊಂಡಿರುವ ಮುದುಕರೂ ವಿಧವೆಯರೂ ಬಾವಿಗೆ ಹೋಗುವ ಹಾದಿಯನ್ನು ಕಳೆದುಕೊಳ್ಳುವುದು ಹೀಗೆಯೇ.

ಮನೆಯ ವಿದ್ಯುತ್ತನ್ನು ನೇರವಾಗಿ ತಂತಿಬೇಲಿಗೆ ಹರಿಸುವುದರ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಅದು ಅಪರಾಧ, ಯಾರಾದರೂ ಸತ್ತರೆ ನರಹತ್ಯೆಯ ಆಪಾದನೆಯನ್ನೇ ಎದುರಿಸಬೇಕಾದೀತು.

ನೆರೆಯವರು ನಮ್ಮ ಎಲ್ಲೆಯೊಳಗೆ ಪಾಯ ತೋಡುತ್ತಿರುವುದು ಕಂಡರೆ ಅಂದೇ ಮಾತಾಡಬೇಕು, ಕೇಳದಿದ್ದರೆ ತಡೆಯಾಜ್ಞೆಗೆ ಹೋಗಬೇಕು. ಏಳುತ್ತಿರುವ ಗೋಡೆಯನ್ನು ನಿಲ್ಲಿಸುವುದು ಸುಲಭ. ಎದ್ದು ನಿಂತದ್ದನ್ನು ಕೆಡವಿಸಲು ನ್ಯಾಯಾಲಯ ಹಿಂದೆಮುಂದೆ ನೋಡುತ್ತದೆ, ಕೆಲವೊಮ್ಮೆ ಹಣದ ಪರಿಹಾರದಲ್ಲಿ ಮುಗಿಸುತ್ತದೆ. ಅಳತೆಯ ದಿನ ಇಬ್ಬರೂ ಎದುರಿಗಿದ್ದು, ನಕ್ಷೆಗೆ ಇಬ್ಬರೂ ರುಜು ಹಾಕಿ, ತಮ್ಮ ತಮ್ಮ ಪ್ರತಿಯನ್ನು ಕ್ರಯಪತ್ರದ ಜೊತೆಯಲ್ಲೇ ಇಟ್ಟುಕೊಂಡರೆ ಮಕ್ಕಳ ಕಾಲಕ್ಕೂ ಅದು ಉಪಯೋಗಕ್ಕೆ ಬರುತ್ತದೆ.