ಕಾಣಿಸಿಕೊಂಡು ಸಾಗುವ ಸವಾರಿ: ದ್ವಿಚಕ್ರ ವಾಹನ ಸುರಕ್ಷತೆ ಮತ್ತು ಗ್ರಾಮ ಪಂಚಾಯಿತಿಯ ಪಾತ್ರ

ದಾವಣಗೆರೆ ಮತ್ತು ಹರಿಹರ ನಗರಗಳ ನಡುವಿನ ಅಂತರ ಸುಮಾರು 14 ಕಿಲೋಮೀಟರ್. ಈ ಎರಡೂ ನಗರಗಳಿಗೆ ಸುತ್ತಲಿನ ಗ್ರಾಮಗಳಿಂದ ಪ್ರತಿನಿತ್ಯ ಬರುವವರಲ್ಲಿ ಬಹುಪಾಲು ಜನ ದ್ವಿಚಕ್ರ ವಾಹನವನ್ನೇ ಅವಲಂಬಿಸಿದ್ದಾರೆ. ಹಾಲಿನ ಕ್ಯಾನು ಕಟ್ಟಿಕೊಂಡು ಬರುವವರು, ಎಪಿಎಂಸಿ ಮಾರುಕಟ್ಟೆಗೆ ಬರುವ ರೈತರು, ಕಾರ್ಖಾನೆ ಹಾಗೂ ಅಂಗಡಿಗಳ ಕೆಲಸಗಾರರು, ಕಾಲೇಜು ವಿದ್ಯಾರ್ಥಿಗಳು, ತಾಲ್ಲೂಕು ಪಂಚಾಯಿತಿ ಸಭೆಗೆ ಹೊರಟ ಗ್ರಾಮ ಪಂಚಾಯಿತಿ ಸದಸ್ಯರು, ಎಲ್ಲರೂ ಈ ಸಾಲಿಗೆ ಸೇರಿದವರೇ ಆಗಿದ್ದಾರೆ.

ಕೇಂದ್ರ ರಸ್ತೆ ಸಾರಿಗೆ ಮತ್ತು ಹೆದ್ದಾರಿ ಸಚಿವಾಲಯದ ವರದಿಯ ಪ್ರಕಾರ 2022ರಲ್ಲಿ ದೇಶದಲ್ಲಿ ರಸ್ತೆ ಅಪಘಾತಗಳಿಂದ 1,68,491 ಜನರು ಮೃತಪಟ್ಟಿದ್ದಾರೆ. ಇವರಲ್ಲಿ 74,897 ಜನರು, ಅಂದರೆ ಶೇಕಡ 44ಕ್ಕಿಂತ ಹೆಚ್ಚು ಮಂದಿ, ದ್ವಿಚಕ್ರ ವಾಹನದಲ್ಲಿದ್ದವರು. ಹೀಗೆ ಮರಣ ಹೊಂದಿದ ವ್ಯಕ್ತಿ ಅನೇಕ ವೇಳೆ ಮನೆಯ ದುಡಿಮೆಗಾರನೇ ಆಗಿರುತ್ತಾನೆ. ಆದುದರಿಂದ ಇದು ಕೇವಲ ಪೊಲೀಸ್ ಅಥವಾ ಸಾರಿಗೆ ಇಲಾಖೆಗೆ ಸೇರಿದ ವಿಷಯವಲ್ಲ. ಗ್ರಾಮದ ಕುಟುಂಬಗಳ ಬದುಕಿಗೆ ಸಂಬಂಧಿಸಿದ ವಿಷಯವಾಗಿದೆ.

ಈ ಲೇಖನದ ಮುಖ್ಯ ಆಶಯ ಇಷ್ಟೆ: ಸವಾರನು ಇತರರ ಕಣ್ಣಿಗೆ ಬೀಳುವಂತೆ ಸಾಗಬೇಕು, ಆದರೂ ತಾನು ಯಾರಿಗೂ ಕಾಣುತ್ತಿಲ್ಲವೆಂದೇ ಭಾವಿಸಿ ವಾಹನ ನಡೆಸಬೇಕು. ಗ್ರಾಮದ ರಸ್ತೆಗಳಲ್ಲಿ ಈ ಎರಡಕ್ಕೂ ಅನುಕೂಲ ಕಲ್ಪಿಸುವ ಕೆಲಸವನ್ನು ಗ್ರಾಮ ಪಂಚಾಯಿತಿ ಮಾಡಬಹುದಾಗಿದೆ.

ಬೈಕು ಏಕೆ ಕಣ್ಣಿಗೆ ಬೀಳುವುದಿಲ್ಲ?

ಎದುರಿನಿಂದ ನೋಡಿದಾಗ ಲಾರಿಯ ಅಗಲ ಸುಮಾರು ಎರಡೂವರೆ ಮೀಟರ್. ಬೈಕಿನ ಅಗಲ ಮುಕ್ಕಾಲು ಮೀಟರಿನಷ್ಟು ಮಾತ್ರ. ಕಿರಿದಾದ ವಸ್ತು ಇರುವುದಕ್ಕಿಂತ ದೂರದಲ್ಲಿದೆ ಹಾಗೂ ನಿಧಾನವಾಗಿ ಬರುತ್ತಿದೆ ಎಂದು ಮನುಷ್ಯನ ಕಣ್ಣು ಅಂದಾಜಿಸುತ್ತದೆ. ಹೀಗಾಗಿ ಬಲಕ್ಕೆ ತಿರುಗಲು ನಿಂತ ಕಾರಿನ ಚಾಲಕನು ಬೈಕನ್ನು ನೋಡಿದ್ದರೂ "ಇನ್ನೂ ಸಮಯವಿದೆ" ಎಂದು ತಿಳಿದು ಅಡ್ಡ ಬರುತ್ತಾನೆ. ಕಾರಿನ ಮುಂಗಾಜಿನ ಪಕ್ಕದ ಕಂಬವೊಂದೇ ಇಡೀ ಬೈಕನ್ನು ಮರೆಮಾಡಬಲ್ಲದು. ಲಾರಿ ಮತ್ತು ಬಸ್ಸುಗಳ ಎಡ ಮಗ್ಗುಲು ಹಾಗೂ ಹಿಂಭಾಗದಲ್ಲಿ ಚಾಲಕನ ಕನ್ನಡಿಗೆ ಕಾಣದ ಜಾಗ ಇನ್ನೂ ಹೆಚ್ಚು.

ಅಮೆರಿಕದ ಲಾಸ್ ಏಂಜಲೀಸ್ ಪ್ರದೇಶದಲ್ಲಿ 900ಕ್ಕೂ ಹೆಚ್ಚು ಮೋಟಾರ್ ಸೈಕಲ್ ಅಪಘಾತಗಳನ್ನು ಸ್ಥಳದಲ್ಲೇ ಪರಿಶೀಲಿಸಿ 1981ರಲ್ಲಿ ಪ್ರಕಟಿಸಿದ ಹರ್ಟ್ ವರದಿಯೂ ಇದನ್ನೇ ಹೇಳಿದೆ. ಬೇರೊಂದು ವಾಹನದೊಂದಿಗೆ ಆದ ಡಿಕ್ಕಿಗಳಲ್ಲಿ ಸುಮಾರು ಮೂರನೆಯ ಎರಡು ಭಾಗ, ಆ ವಾಹನವು ಬೈಕಿಗೆ ದಾರಿ ಬಿಡದೆ ಅಡ್ಡ ಬಂದುದರಿಂದ ಸಂಭವಿಸಿದವು. ಸವಾರನನ್ನು ಗಮನಿಸಲೇ ಇಲ್ಲ ಎಂಬುದೇ ಚಾಲಕರು ನೀಡಿದ ಸಾಮಾನ್ಯ ಉತ್ತರ. ದಾರಿಯ ಹಕ್ಕು ಸವಾರನ ಕಡೆಗಿದ್ದರೂ ಪೆಟ್ಟು ಬೀಳುವುದು ಸವಾರನಿಗೇ ಎಂಬುದನ್ನು ಮರೆಯಲಾಗದು.

ಸ್ಥಳೀಯವಾಗಿ ಇನ್ನೊಂದು ಸಂಗತಿ ಗಮನಾರ್ಹ. ಹರಿಹರವು ದಾವಣಗೆರೆಗೆ ಪಶ್ಚಿಮ ದಿಕ್ಕಿನಲ್ಲಿದೆ. ಬೇಸಿಗೆಯ ಸಂಜೆ ಹರಿಹರದ ಕಡೆಗೆ ಹೋಗುವ ಚಾಲಕರ ಕಣ್ಣಿಗೆ ಮುಳುಗುವ ಸೂರ್ಯನ ಬೆಳಕು ನೇರವಾಗಿ ಹೊಡೆಯುತ್ತದೆ. ಆ ಹೊತ್ತಿನಲ್ಲಿ ಸೂರ್ಯನನ್ನು ಬೆನ್ನಿಗೆ ಹಾಕಿಕೊಂಡು ದಾವಣಗೆರೆಯತ್ತ ಬರುವ ಬೈಕ್ ಸವಾರನಿಗೆ ರಸ್ತೆ ನಿಚ್ಚಳವಾಗಿ ಕಾಣುತ್ತದೆ. ಆದರೆ ಎದುರಿನವರಿಗೆ ಅವನು ಕಾಣುವುದಿಲ್ಲ. ಬೆಳಗಿನ ಹೊತ್ತು ಇದೇ ತೊಂದರೆ ವಿರುದ್ಧ ದಿಕ್ಕಿನಲ್ಲಿ ಉಂಟಾಗುತ್ತದೆ.

ಕಾಣಿಸಿಕೊಳ್ಳುವ ಬಗೆ

ನ್ಯೂಜಿಲೆಂಡಿನ ಆಕ್ಲೆಂಡ್ ಪ್ರದೇಶದಲ್ಲಿ ನಡೆದು 2004ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಹೊಳೆಯುವ ಅಥವಾ ಬೆಳಕು ಪ್ರತಿಫಲಿಸುವ ಉಡುಪು ಧರಿಸಿದ ಸವಾರರಿಗೆ ಗಾಯದ ಸಂಭವ ಶೇಕಡ 37ರಷ್ಟು ಕಡಿಮೆಯಿತ್ತು. ಹಗಲಿನಲ್ಲೂ ಹೆಡ್‌ಲೈಟ್ ಹಾಕಿಕೊಂಡವರಿಗೆ ಶೇಕಡ 27ರಷ್ಟು, ಕಪ್ಪು ಹೆಲ್ಮೆಟ್‌ಗೆ ಹೋಲಿಸಿದರೆ ಬಿಳಿ ಹೆಲ್ಮೆಟ್ ಧರಿಸಿದವರಿಗೆ ಶೇಕಡ 24ರಷ್ಟು ಕಡಿಮೆಯಿತ್ತು. ಇವು ಯಾವುವೂ ದುಬಾರಿ ಕ್ರಮಗಳಲ್ಲ.

ಹೆಡ್‌ಲೈಟ್: ಎಂಜಿನ್ ಚಾಲೂ ಆದೊಡನೆ ಹೆಡ್‌ಲೈಟ್ ತಾನೇ ಉರಿಯುವ ವ್ಯವಸ್ಥೆಯನ್ನು ದೇಶದಲ್ಲಿ 2017ರ ಏಪ್ರಿಲ್ 1ರಿಂದ ಹೊಸ ದ್ವಿಚಕ್ರ ವಾಹನಗಳಿಗೆ ಕಡ್ಡಾಯಗೊಳಿಸಲಾಗಿದೆ. ಅದಕ್ಕೂ ಹಿಂದಿನ ಬೈಕುಗಳ ಸವಾರರು ಹಗಲಿನಲ್ಲಿಯೂ ಡಿಪ್ ಬೆಳಕನ್ನು ಹಾಕಿಕೊಳ್ಳುವುದು ಒಳಿತು. ಎದುರು ವಾಹನ ಬಂದಾಗ ಹೈಬೀಮ್ ಇಳಿಸಬೇಕು. ಕಣ್ಣು ಕುಕ್ಕುವ ಹೆಚ್ಚುವರಿ ಎಲ್‌ಇಡಿ ದೀಪಗಳಿಂದ ಸವಾರ ಎದ್ದು ಕಾಣುವುದಿಲ್ಲ. ಎದುರಿನವರಿಗೆ ಕ್ಷಣಕಾಲ ಕತ್ತಲು ಕವಿಯುತ್ತದೆ.

ಹಿಂಬದಿ ದೀಪ: ಹಿಂದಿನ ದೀಪ ಕೆಟ್ಟಿರುವುದು ಸವಾರನ ಗಮನಕ್ಕೆ ಬರುವುದೇ ಇಲ್ಲ. ಸಂಜೆ ಮನೆಯ ಗೋಡೆಗೆ ಹಿಂಭಾಗ ಮಾಡಿ ಬೈಕು ನಿಲ್ಲಿಸಿ ಬ್ರೇಕ್ ಹಿಡಿದರೆ ಗೋಡೆಯ ಮೇಲೆ ಬೀಳುವ ಕೆಂಪು ಬೆಳಕಿನಿಂದ ಅರ್ಧ ನಿಮಿಷದಲ್ಲಿ ಪರೀಕ್ಷೆ ಮುಗಿಯುತ್ತದೆ. ದೀಪ ಸರಿಯಿದ್ದರೂ ಹಸಿ ಹುಲ್ಲಿನ ಹೊರೆ, ಗೊಬ್ಬರದ ಚೀಲ ಅಥವಾ ಹಾಲಿನ ಕ್ಯಾನು ಅದನ್ನು ಮುಚ್ಚುವುದುಂಟು. ಹೊರೆಯ ಹಿಂಭಾಗಕ್ಕೂ, ಕ್ಯಾನಿಗೂ ಕೆಂಪು ರೇಡಿಯಂ ಪಟ್ಟಿ ಅಂಟಿಸಬೇಕು.

ಬಟ್ಟೆ: ಹಗಲಿನಲ್ಲಿ ಹಳದಿ, ಕಿತ್ತಳೆ, ಬಿಳಿ ಬಣ್ಣಗಳು ಬೇಗ ಕಾಣುತ್ತವೆ. ರಾತ್ರಿ ಬಣ್ಣದಿಂದ ಹೆಚ್ಚು ಪ್ರಯೋಜನವಿಲ್ಲ. ರೇಡಿಯಂ ಪಟ್ಟಿಯು ತನ್ನ ಮೇಲೆ ಬಿದ್ದ ಬೆಳಕನ್ನು ಬಂದ ದಿಕ್ಕಿಗೇ ಹಿಂದಿರುಗಿಸುವುದರಿಂದ ಹಿಂದೆ ಬರುವ ಚಾಲಕನಿಗೆ ದೂರದಿಂದಲೇ ಹೊಳೆಯುತ್ತದೆ. ಹೆಲ್ಮೆಟ್‌ನ ಹಿಂಭಾಗ, ಬೆನ್ನು ಹಾಗೂ ಮಡ್‌ಗಾರ್ಡ್ ಮೇಲೆ ಪಟ್ಟಿ ಇದ್ದರೆ ಸಾಕು.

ವೇಗ, ಬೆಳಕು ಮತ್ತು ನಿಲ್ಲುವ ದೂರ

ಭದ್ರಾ ಅಚ್ಚುಕಟ್ಟು ಪ್ರದೇಶದಲ್ಲಿ ಕೊಯ್ಲಿನ ಕಾಲ ಬಂತೆಂದರೆ ಭತ್ತ ಮತ್ತು ಹುಲ್ಲು ಹೇರಿದ ಟ್ರ್ಯಾಕ್ಟರುಗಳು ಕತ್ತಲಾದ ಮೇಲೂ ಸಂಚರಿಸುತ್ತವೆ. ನವೆಂಬರ್ ಮತ್ತು ಡಿಸೆಂಬರ್ ತಿಂಗಳಲ್ಲಿ ಸಂಜೆ 6ರ ಸುಮಾರಿಗೇ ಸೂರ್ಯ ಮುಳುಗುತ್ತಾನೆ. ನಗರದ ಕೆಲಸ ಮುಗಿಸಿದ ಸವಾರರು ಊರಿಗೆ ಹಿಂದಿರುಗುವುದು ಅದೇ ಹೊತ್ತಿಗೆ. ಹಿಂಬದಿ ದೀಪವಾಗಲಿ ರೇಡಿಯಂ ಆಗಲಿ ಇಲ್ಲದೆ ರಸ್ತೆಯಂಚಿನಲ್ಲಿ ನಿಂತ ಟ್ರೇಲರ್, ಬೈಕಿನ ಡಿಪ್ ಬೆಳಕಿನಲ್ಲಿ ಕಾಣುವುದು ಸುಮಾರು 30ರಿಂದ 40 ಮೀಟರ್ ಹತ್ತಿರಕ್ಕೆ ಬಂದ ಮೇಲೆಯೇ.

ಅಪಾಯವನ್ನು ಗುರುತಿಸಿ ಬ್ರೇಕ್ ಹಿಡಿಯಲು ಒಂದೂವರೆ ಸೆಕೆಂಡ್ ಬೇಕೆಂದೂ, ಒಣ ಡಾಂಬರಿನ ಮೇಲೆ ಬ್ರೇಕ್ ಸಾಧಾರಣವಾಗಿ ಹಿಡಿಯುವುದೆಂದೂ ಇಟ್ಟುಕೊಂಡರೆ ಬೈಕು ನಿಲ್ಲುವ ದೂರದ ಲೆಕ್ಕ ಹೀಗಿದೆ:

• ಗಂಟೆಗೆ 40 ಕಿ.ಮೀ. ವೇಗದಲ್ಲಿ ಸುಮಾರು 29 ಮೀಟರ್
• ಗಂಟೆಗೆ 50 ಕಿ.ಮೀ. ವೇಗದಲ್ಲಿ ಸುಮಾರು 40 ಮೀಟರ್
• ಗಂಟೆಗೆ 60 ಕಿ.ಮೀ. ವೇಗದಲ್ಲಿ ಸುಮಾರು 53 ಮೀಟರ್

ಅಂದರೆ 40ರ ವೇಗದಲ್ಲಿರುವವನು ಟ್ರೇಲರಿಗೆ ತಗುಲುವ ಮುನ್ನ ನಿಲ್ಲಬಲ್ಲನು. 60ರ ವೇಗದಲ್ಲಿರುವವನು ಎಷ್ಟೇ ನುರಿತ ಸವಾರನಾಗಿದ್ದರೂ ನಿಲ್ಲಲಾರನು. ದೀಪವಿಲ್ಲದ ರಸ್ತೆಯಲ್ಲಿ ರಾತ್ರಿ ಗಂಟೆಗೆ 40 ಕಿ.ಮೀ. ಮೀರಬಾರದೆಂಬ ಸಲಹೆಗೆ ಆಧಾರ ಇದೇ ಲೆಕ್ಕ. ಮಳೆಯಲ್ಲಿ ಈ ದೂರ ಇನ್ನೂ ಹೆಚ್ಚುತ್ತದೆ. ರಸ್ತೆಯ ಮೇಲೆ ಒಣಹಾಕಿದ ಮೆಕ್ಕೆಜೋಳದ ಕಾಳುಗಳು ಚಕ್ರದಡಿ ಗೋಲಿಗಳಂತೆ ಉರುಳುವುದರಿಂದ ಅಲ್ಲಿ ಬ್ರೇಕ್ ಹಿಡಿಯುವುದೇ ಬೀಳುವುದಕ್ಕೆ ಕಾರಣವಾದೀತು. ರಾಶಿ ಕಂಡೊಡನೆ ಮೊದಲೇ ವೇಗ ತಗ್ಗಿಸಿ, ತಿರುಗಿಸದೆ ನೇರವಾಗಿ ದಾಟಬೇಕು.

ಮುಂದಿನ ಬ್ರೇಕ್ ಹಿಡಿದರೆ ಪಲ್ಟಿಯಾಗುತ್ತದೆ ಎಂಬ ಭಯ ಅನೇಕರಲ್ಲಿದೆ. ಬ್ರೇಕ್ ಹಿಡಿದಾಗ ವಾಹನದ ಭಾರ ಮುಂಚಕ್ರದ ಕಡೆಗೆ ಸರಿಯುವುದರಿಂದ ನಿಲ್ಲಿಸುವ ಶಕ್ತಿಯ ಹೆಚ್ಚಿನ ಪಾಲು ಅಲ್ಲಿಯೇ ಇದೆ. ಬೈಕು ನೇರವಾಗಿರುವಾಗ ಎರಡೂ ಬ್ರೇಕುಗಳನ್ನು ಒಟ್ಟಿಗೆ, ಜಗ್ಗದೆ ಹಂತಹಂತವಾಗಿ ಬಿಗಿಗೊಳಿಸುವುದು ಸರಿಯಾದ ಕ್ರಮ.

ಸಂಚಾರದ ನಡುವೆ ಎಚ್ಚರದ ಸವಾರಿ

ನಗರದಲ್ಲಿ: ದಾವಣಗೆರೆಯ ಪಿ.ಬಿ. ರಸ್ತೆ ಹಿಂದಿನ ಪುಣೆ–ಬೆಂಗಳೂರು ಹೆದ್ದಾರಿ. ಇಂದು ನಗರದ ಮುಖ್ಯ ಬೀದಿ. ಬಸ್ಸು, ಆಟೊ, ತಳ್ಳುಗಾಡಿ, ಪಾದಚಾರಿಗಳು ಒಂದೇ ಕಡೆ ಸೇರುವ ಇಂತಹ ರಸ್ತೆಗಳಲ್ಲಿ ನಿಂತ ವಾಹನಗಳಿಂದ ಒಂದು ಮೀಟರ್ ಬಿಟ್ಟು ಸಾಗಬೇಕು. ಕಾರಿನ ಬಾಗಿಲು ಯಾವ ಕ್ಷಣದಲ್ಲಾದರೂ ತೆರೆಯಬಹುದು. ನಿಂತ ಬಸ್ಸಿನ ಮುಂದಿನಿಂದ ಯಾರೋ ಓಡಿ ಬರುತ್ತಾರೆಂದೇ ತಿಳಿಯಬೇಕು. ಎಡಕ್ಕೆ ತಿರುಗಲಿರುವ ಬಸ್ಸು ಅಥವಾ ಲಾರಿಯ ಎಡ ಸಂದಿಗೆ ನುಗ್ಗಬಾರದು. ಲಾರಿಯ ಕನ್ನಡಿಯಲ್ಲಿ ಚಾಲಕನ ಮುಖ ಸವಾರನಿಗೆ ಕಾಣದಿದ್ದರೆ ಸವಾರನೂ ಚಾಲಕನಿಗೆ ಕಾಣುತ್ತಿಲ್ಲವೆಂದರ್ಥ.

ವೃತ್ತಗಳಲ್ಲಿ: ಅಡ್ಡರಸ್ತೆಯ ವಾಹನದ ಮುಂಚಕ್ರವನ್ನು ಗಮನಿಸಬೇಕು. ಚಾಲಕನು ತನ್ನತ್ತ ನೋಡಿದನೆಂಬುದು ನಿಲ್ಲುತ್ತಾನೆ ಎಂಬುದಕ್ಕೆ ಖಾತರಿಯಲ್ಲ. ಚಕ್ರ ಉರುಳತೊಡಗಿದರೆ ವಾಹನ ಬರುತ್ತಿದೆ ಎಂದೇ ಅರ್ಥ. ತಿರುವಿಗೆ ಸಾಕಷ್ಟು ಮುಂಚೆ ಇಂಡಿಕೇಟರ್ ಹಾಕಬೇಕು, ತಿರುಗಿದ ಮೇಲೆ ಆರಿಸಬೇಕು. ಆರಿಸದೆ ಬಿಟ್ಟ ಇಂಡಿಕೇಟರ್ ಇತರರಿಗೆ ತಪ್ಪು ಸೂಚನೆ ನೀಡುತ್ತದೆ.

ಹೆದ್ದಾರಿಯಲ್ಲಿ: ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಮುಂದಿನ ವಾಹನ ಒಂದು ಕಂಬವನ್ನು ದಾಟಿದ ಕ್ಷಣದಿಂದ ತಾನು ಅದೇ ಕಂಬವನ್ನು ತಲುಪಲು ಕನಿಷ್ಠ ಎರಡು ಸೆಕೆಂಡ್ ಹಿಡಿಯುವಷ್ಟು ಅಂತರ ಇರಬೇಕು, ಮಳೆ ಮತ್ತು ರಾತ್ರಿಯಲ್ಲಿ ನಾಲ್ಕು ಸೆಕೆಂಡ್. ಕೆಳಸೇತುವೆಯವರೆಗೆ ಸುತ್ತುವುದನ್ನು ತಪ್ಪಿಸಲು ಕೆಲವರು ವಿರುದ್ಧ ದಿಕ್ಕಿನಲ್ಲಿ ಬರುವುದುಂಟು. 80ರ ವೇಗದ ಕಾರೂ 40ರ ವೇಗದ ಬೈಕೂ ಎದುರುಬದುರಾದಾಗ ಪ್ರತಿ ಸೆಕೆಂಡಿಗೆ 33 ಮೀಟರ್ ಅಂತರ ಕರಗುತ್ತದೆ. ಉಳಿಯುವ ಐದು ನಿಮಿಷಕ್ಕಾಗಿ ಈ ಅಪಾಯಕ್ಕೆ ಒಡ್ಡಿಕೊಳ್ಳುವುದು ತರವಲ್ಲ.

ಹೆಲ್ಮೆಟ್ ಮತ್ತು ಕಾನೂನು

ಎಷ್ಟೇ ಎಚ್ಚರವಿದ್ದರೂ ಬೀಳುವ ಸಂದರ್ಭ ಬರಬಹುದು. ಹೆಲ್ಮೆಟ್ ಸಾವಿನ ಸಂಭವವನ್ನು ಸುಮಾರು ಶೇಕಡ 42ರಷ್ಟು, ತಲೆಗೆ ಆಗುವ ಗಾಯದ ಸಂಭವವನ್ನು ಶೇಕಡ 69ರಷ್ಟು ತಗ್ಗಿಸುತ್ತದೆ ಎಂದು ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿದ ಪರಿಶೀಲನೆ ತಿಳಿಸಿದೆ. 2022ರಲ್ಲಿ ದೇಶದಲ್ಲಿ ಹೆಲ್ಮೆಟ್ ಧರಿಸದೆ ಮೃತಪಟ್ಟ 50,029 ಜನರಲ್ಲಿ 14,337 ಮಂದಿ ಹಿಂಬದಿ ಸವಾರರು. ಮೋಟಾರು ವಾಹನಗಳ ಕಾಯ್ದೆ, 1988ರ ಕಲಂ 129 ಹಿಂಬದಿ ಸವಾರರಿಗೂ ಅನ್ವಯಿಸುತ್ತದೆ. ಐಎಸ್‌ಐ ಗುರುತಿರುವ ಹೆಲ್ಮೆಟ್ ಧರಿಸಿ ಗದ್ದದ ಪಟ್ಟಿ ಬಿಗಿದಾಗ ಮಾತ್ರ ಅದು ತಲೆಯ ಮೇಲೆ ಉಳಿಯುತ್ತದೆ.

ಅಪ್ರಾಪ್ತರ ಕೈಗೆ ಬೈಕು ಕೊಡುವುದು ಗ್ರಾಮಗಳಲ್ಲಿ ಸಾಮಾನ್ಯವಾಗಿದೆ. 2019ರ ತಿದ್ದುಪಡಿಯ ಕಲಂ 199ಎ ಪ್ರಕಾರ ಪೋಷಕರಿಗೆ ಅಥವಾ ವಾಹನದ ಮಾಲೀಕರಿಗೆ ಮೂರು ವರ್ಷದವರೆಗೆ ಸೆರೆವಾಸ ಹಾಗೂ 25,000 ರೂಪಾಯಿ ದಂಡ ವಿಧಿಸಬಹುದು. ವಾಹನದ ನೋಂದಣಿ 12 ತಿಂಗಳ ಕಾಲ ರದ್ದಾಗುತ್ತದೆ. ಬಾಲಕನಿಗೆ 25 ವರ್ಷ ತುಂಬುವವರೆಗೆ ಚಾಲನಾ ಪರವಾನಗಿ ದೊರೆಯುವುದಿಲ್ಲ. ಈ ಅಂಶವನ್ನು ಪೋಷಕರಿಗೆ ಮನವರಿಕೆ ಮಾಡಿಕೊಡಬೇಕು.

ಗಾಯಾಳುವಿಗೆ ನೆರವಾದರೆ ಪೊಲೀಸ್ ಠಾಣೆಗೆ ಅಲೆಯಬೇಕಾಗುತ್ತದೆ ಎಂಬ ಅಂಜಿಕೆಯೂ ಸಲ್ಲದು. ಕಲಂ 134ಎ ಸದುದ್ದೇಶದಿಂದ ನೆರವಾದವರಿಗೆ ಕಾನೂನಿನ ರಕ್ಷಣೆ ನೀಡಿದೆ. 108 ಅಥವಾ 112ಕ್ಕೆ ಕರೆ ಮಾಡಬೇಕು. ರಾಷ್ಟ್ರೀಯ ಹೆದ್ದಾರಿಯಲ್ಲಾದರೆ 1033.

ಗ್ರಾಮ ಪಂಚಾಯಿತಿ ಕೈಗೊಳ್ಳಬಹುದಾದ ಕ್ರಮಗಳು

1. ಗ್ರಾಮದ ರಸ್ತೆ ಮುಖ್ಯರಸ್ತೆಗೆ ಸೇರುವ ಜಾಗದಲ್ಲಿ ಬೆಳೆದ ಬಳ್ಳಾರಿ ಜಾಲಿ ಹಾಗೂ ಪೊದೆಗಳನ್ನು ತೆರವುಗೊಳಿಸುವುದು. ತಿರುವಿನಲ್ಲಿ ನೋಟಕ್ಕೆ ಅಡ್ಡಿಯಾಗುವ ಫ್ಲೆಕ್ಸ್‌ಗಳಿಗೆ ಅವಕಾಶ ನೀಡದಿರುವುದು.

2. ಬೀದಿದೀಪ ನಿರ್ವಹಣೆಯಲ್ಲಿ ಕೂಡುರಸ್ತೆ, ಬಸ್ ನಿಲ್ದಾಣ ಹಾಗೂ ನಾಲೆ ಸೇತುವೆಗಳಿಗೆ ಆದ್ಯತೆ ನೀಡುವುದು. ತಡೆಗೋಡೆ ಮತ್ತು ರಸ್ತೆ ಉಬ್ಬುಗಳಿಗೆ ವರ್ಷಕ್ಕೊಮ್ಮೆ ಬಿಳಿ ಬಣ್ಣ ಬಳಿಸುವುದು.

3. ಕೊಯ್ಲಿಗೆ ಮುನ್ನ ಟ್ರ್ಯಾಕ್ಟರ್ ಮಾಲೀಕರ ಸಭೆ ಕರೆದು ಟ್ರೇಲರುಗಳ ಹಿಂಭಾಗಕ್ಕೆ ಕೆಂಪು, ಪಕ್ಕಕ್ಕೆ ಹಳದಿ, ಮುಂಭಾಗಕ್ಕೆ ಬಿಳಿ ರೇಡಿಯಂ ಪಟ್ಟಿ ಅಂಟಿಸುವಂತೆ ನೋಡಿಕೊಳ್ಳುವುದು. ಹೇರಿದ ಹುಲ್ಲು ಪಟ್ಟಿಯನ್ನು ಮುಚ್ಚದಂತೆ ತಿಳಿಸುವುದು.

4. ಧಾನ್ಯ ಒಣಗಿಸಲು ರೈತರಿಗೆ ಬೇರೆ ಜಾಗವಿಲ್ಲದಿರುವುದೇ ರಸ್ತೆಯ ಬಳಕೆಗೆ ಕಾರಣ. ಉದ್ಯೋಗ ಖಾತರಿ ಯೋಜನೆಯಡಿ ಹಲವು ಗ್ರಾಮಗಳಲ್ಲಿ ಒಕ್ಕಣೆ ಕಣಗಳು ನಿರ್ಮಾಣಗೊಂಡಿವೆ. ಅಗತ್ಯವಿರುವೆಡೆ ಕಣಗಳ ಬೇಡಿಕೆಯನ್ನು ಗ್ರಾಮ ಸಭೆಯಲ್ಲಿ ಮಂಡಿಸುವುದು. ಅಲ್ಲಿಯವರೆಗೆ, ಕತ್ತಲಾದ ಮೇಲೆ ರಾಶಿಯನ್ನಾಗಲಿ ಅದರ ಸುತ್ತ ಇಟ್ಟ ಕಲ್ಲುಗಳನ್ನಾಗಲಿ ರಸ್ತೆಯ ಮೇಲೆ ಬಿಡದಂತೆ ರೈತರ ಮನವೊಲಿಸುವುದು.

5. ಪದೇ ಪದೇ ಅಪಘಾತವಾಗುವ ಸ್ಥಳಗಳನ್ನು ವಾರ್ಡ್ ಸದಸ್ಯರು ಗುರುತಿಸಿ, ಸ್ಥಳ, ಸಮಯ ಹಾಗೂ ಕಾರಣವನ್ನು ನಮೂದಿಸಿ, ಠರಾವಿನೊಂದಿಗೆ ಸಂಬಂಧಿಸಿದ ರಸ್ತೆ ಇಲಾಖೆಗೂ ಪೊಲೀಸ್ ಠಾಣೆಗೂ ಕಳುಹಿಸುವುದು.

6. ಹಾಲು ಉತ್ಪಾದಕರ ಸಹಕಾರ ಸಂಘ, ಸ್ವಸಹಾಯ ಸಂಘ ಹಾಗೂ ಪ್ರೌಢಶಾಲೆಗಳ ಸಹಯೋಗದಲ್ಲಿ ಬೈಕುಗಳ ಹಿಂಬದಿ ದೀಪ ತಪಾಸಣೆ ಮತ್ತು ರೇಡಿಯಂ ಪಟ್ಟಿ ಅಂಟಿಸುವ ಒಂದು ಸಂಜೆಯ ಶಿಬಿರ ಏರ್ಪಡಿಸುವುದು.

ಇವುಗಳಲ್ಲಿ ಮೊದಲನೆಯ, ಮೂರನೆಯ ಮತ್ತು ಆರನೆಯ ಕ್ರಮಗಳಿಗೆ ಹೆಚ್ಚಿನ ಅನುದಾನ ಬೇಕಿಲ್ಲ. ಮುಂದಿನ ಸಾಮಾನ್ಯ ಸಭೆಯಲ್ಲಿ ನಿರ್ಣಯಿಸಿ ಕೊಯ್ಲಿಗೆ ಮುನ್ನವೇ ಪೂರ್ಣಗೊಳಿಸಬಹುದು. ಸದಸ್ಯರು ಸ್ವತಃ ಹೆಲ್ಮೆಟ್ ಧರಿಸಿ, ದೀಪ ಹಾಕಿಕೊಂಡು ಸಭೆಗೆ ಬರುವುದು ಗ್ರಾಮಸ್ಥರಿಗೆ ಯಾವುದೇ ಭಾಷಣಕ್ಕಿಂತ ಹೆಚ್ಚು ಮನದಟ್ಟಾಗುತ್ತದೆ.