ಪರದೆಯ ಮೇಲೊಂದು ವಿದ್ವದ್ಗೋಷ್ಠಿ

ಪ್ರಬಂಧವನ್ನು ಓದಿ ಮುಗಿಸಿದ ತರುಣಿ ತಲೆಯೆತ್ತಿ ನೋಡಿದಳು. ಎದುರಿಗೆ ಸಭೆಯಿರಲಿಲ್ಲ, ಗಣಕದ ಪರದೆಯ ಮೇಲೆ ಮೂವತ್ತು ಕಪ್ಪು ಚೌಕಗಳಿದ್ದುವು. ಆ ಕತ್ತಲೆಯೊಳಗಿನಿಂದ ಹಿರಿಯರೊಬ್ಬರ ಕಂಠ ಕೇಳಿಬಂದಿತು: “ಇದೆಲ್ಲ ಹಿಂದೆಯೇ ಆಗಿಹೋದ ಕೆಲಸ.” ಅಷ್ಟೆ. ಹಳೆಯ ಮೈಸೂರಿನ ಕೆರೆಗಳ ಶಾಸನಗಳಿಗಾಗಿ ಎರಡು ವರ್ಷ ದುಡಿದಿದ್ದ ಆಕೆ ಆ ಅಧ್ಯಾಯವನ್ನು ಕಟ್ಟಿ ಮೂಲೆಗಿಟ್ಟಳು. ೨೦೨೦ರ ಮಹಾಮಾರಿಯ ದಿನಗಳಲ್ಲಿ ನಾನು ಕಣ್ಣಾರೆ ಕಂಡ ಪ್ರಸಂಗವಿದು.

ಗೋಷ್ಠಿಯೆಂದ ಮೇಲೆ ಕಠಿಣ ವಿಮರ್ಶೆ ಇರಲೇಬೇಕು. ಗಣಿತಜ್ಞ ಇಸ್ರೇಲ್ ಗೆಲ್ಫಾಂಡರು ೧೯೪೩ರಲ್ಲಿ ಮಾಸ್ಕೋ ವಿಶ್ವವಿದ್ಯಾನಿಲಯದಲ್ಲಿ ಆರಂಭಿಸಿದ ಸೋಮವಾರದ ಗೋಷ್ಠಿ ದಶಕಗಳ ಕಾಲ ನಡೆಯಿತು. ಭಾಷಣಕಾರನನ್ನು ನಡುನಡುವೆ ತಡೆಯುವುದು ಅಲ್ಲಿಯ ಪರಿಪಾಠ. ಆದರೂ ಗೆಲ್ಫಾಂಡರದು ಒಂದು ಜಾಣ್ಮೆ: ಎಳೆಯ ವಿದ್ಯಾರ್ಥಿಯೊಬ್ಬನನ್ನು ಪರೀಕ್ಷಾ ಶ್ರೋತೃವನ್ನಾಗಿ ಆರಿಸಿ, ಅವನಿಗೆ ವಿಷಯ ಅರ್ಥವಾಯಿತೆ ಎಂದು ವಿಚಾರಿಸುತ್ತಿದ್ದರು. ಅದೂ ಅಲ್ಲದೆ, ಒಂದೇ ಕೊಠಡಿಯಲ್ಲಿ ಕುಳಿತು ಖಂಡಿಸಿದವರು ಆಮೇಲೆ ಪಡಸಾಲೆಯಲ್ಲಿ ಬೆನ್ನು ತಟ್ಟಿ ಎರಡು ಮಾತನಾಡಬಹುದು. ಪರದೆಯ ಗೋಷ್ಠಿಗೆ ಪಡಸಾಲೆಯೆಲ್ಲಿಯದು? ಗುಂಡಿಯೊತ್ತಿದರೆ ಎಲ್ಲರೂ ಮಾಯ!

ಸಂಚಾಲಕಿಯಾಗಿದ್ದ ಅಧ್ಯಾಪಕಿ ಇದನ್ನು ಗಮನಿಸಿ ಏರ್ಪಾಡನ್ನೇ ಬದಲಿಸಿದರು. ಪ್ರಬಂಧ ಒಂದು ವಾರ ಮೊದಲೇ ಎಲ್ಲರ ಕೈಸೇರಬೇಕು. ಗೋಷ್ಠಿಯಲ್ಲಿ ಅದನ್ನು ಓದುವಂತಿಲ್ಲ. ಬೇರೊಬ್ಬ ಸದಸ್ಯರು ಹತ್ತು ನಿಮಿಷಗಳಲ್ಲಿ ಅದರ ಸಾರವನ್ನು ಹೇಳುತ್ತಾರೆ. ತಾನು ಬರೆದದ್ದೇನು, ಓದಿದವರಿಗೆ ತಿಳಿದದ್ದೇನು ಎಂಬ ಅಂತರ ಲೇಖಕಿಗೆ ಆಗಲೇ ಕಾಣುತ್ತದೆ. ಮೊದಲು ಅರ್ಥ ಕೇಳುವ ಪ್ರಶ್ನೆಗಳು, ಅನಂತರವೇ ಆಕ್ಷೇಪಣೆ. ವಿದ್ಯಾರ್ಥಿಗಳು ಮೊದಲು, ಪ್ರಾಧ್ಯಾಪಕರು ಕೊನೆಗೆ. ಹಿರಿಯರು ಒಮ್ಮೆ ತೀರ್ಪು ಕೊಟ್ಟುಬಿಟ್ಟರೆ ಕಿರಿಯರ ಬಾಯಿ ತೆರೆಯುವುದುಂಟೆ? “ಇದು ಆಗಿಹೋದ ಕೆಲಸ” ಎನ್ನುವವರು ಪುಸ್ತಕದ ಹೆಸರನ್ನೂ ಪುಟದ ಸಂಖ್ಯೆಯನ್ನೂ ಕೊಡತಕ್ಕದ್ದು.

ಧ್ವನಿ ತುಸು ತಡವಾಗಿ ಬರುವುದರಿಂದ ಇಬ್ಬರ ಮಾತು ಡಿಕ್ಕಿ ಹೊಡೆಯುತ್ತದೆ. ಕೈಯೆತ್ತಿದವರನ್ನು ಸಂಚಾಲಕಿಯೇ ಹೆಸರು ಹಿಡಿದು ಕರೆಯುತ್ತಾರೆ. ಮುಖ ತೋರಿಸಬೇಕೆಂಬ ಬಲವಂತ ಯಾರ ಮೇಲೂ ಇಲ್ಲ, ಸಾರ ಹೇಳುವವರ ಹೊರತು. ಸಂಜೆ ೭-೩೦ರ ಹೊತ್ತು. ಬೇಸಗೆಯಲ್ಲಿ ಆಗ ಲಂಡನ್ನಿನಲ್ಲಿ ಮಧ್ಯಾಹ್ನ ೩, ಬಾಸ್ಟನ್ನಿನಲ್ಲಿ ಬೆಳಗಿನ ೧೦. ನಮ್ಮ ಮನೆಗಳಲ್ಲಿ ಮಾತ್ರ ಕುಕ್ಕರು ಕೂಗುವ ಸಮಯ! ಕೊನೆಯ ಹದಿನೈದು ನಿಮಿಷಗಳನ್ನು ಮುದ್ರಿಸಿಕೊಳ್ಳುವುದಿಲ್ಲ. ಬೇಕಾದವರು ಉಳಿದು ಹರಟಬಹುದು. ಸಂಚಾಲಕಿ ಅದಕ್ಕೆ ಇಟ್ಟ ಹೆಸರೇ ಪಡಸಾಲೆ.

ಇಷ್ಟಾದ ಮೇಲೆ ಅವರು ಆ ಹಿರಿಯರಿಗೆ ಪತ್ರ ಬರೆದು, ಹಿಂದೆ ಆಗಿಹೋದ ಕೆಲಸ ಯಾವುದೆಂದು ವಿನಯದಿಂದಲೇ ಕೇಳಿದರು. ಉತ್ತರದಲ್ಲಿ ಒಂದು ಪುಸ್ತಕದ ಹೆಸರಿತ್ತು. ತರಿಸಿ ನೋಡಿದರೆ ಅದು ತಮಿಳು ಸೀಮೆಯ ಕೆರೆಗಳನ್ನು ಕುರಿತದ್ದು!

ನಾಲ್ಕು ತಿಂಗಳ ಬಳಿಕ ಅದೇ ಅಧ್ಯಾಯ ಮತ್ತೆ ಗೋಷ್ಠಿಗೆ ಬಂದಿತು. ಹಿರಿಯರು ಈ ಸಲ ಪುಟಸಂಖ್ಯೆ ಸಮೇತ ಮೂರು ಪ್ರಶ್ನೆಗಳನ್ನು ಮೊದಲೇ ಕಳುಹಿಸಿದ್ದರು. ಎರಡಕ್ಕೆ ಆಕೆ ಅಲ್ಲಿಯೇ ಉತ್ತರಿಸಿದಳು. ಮೂರನೆಯದಕ್ಕಾಗಿ ಎಪಿಗ್ರಾಫಿಯ ಕರ್ನಾಟಿಕದ ಸಂಪುಟಗಳನ್ನು ಮತ್ತೆ ಹರಡಿಕೊಂಡು ಕುಳಿತಳು.