ವೈ-ಫೈ ಹತ್ತಲಿಲ್ಲವೆಂದು ಲಿನಕ್ಸನ್ನು ಬಯ್ಯಬೇಡಿ

ಪ್ರತಿ ರವಿವಾರ ಬೆಳಿಗ್ಗೆ ಹತ್ತು ಗಂಟೆಗೆ ಡೊಂಬಿವಲಿಯ ನಮ್ಮ ಮನೆಯಲ್ಲಿ ಒಂದು ಪರಿಪಾಠವುಂಟು. ಮಾವನವರು ಸ್ನಾನ ಮುಗಿಸಿ, ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಕನ್ನಡಕ ಒರೆಸಿಕೊಂಡು ಲ್ಯಾಪ್‌ಟಾಪಿನ ಮುಂದೆ ಕುಳಿತುಕೊಳ್ಳುತ್ತಾರೆ. ಅತ್ತ ಗದಗಿನಲ್ಲಿ ಅವರ ಅಕ್ಕ, ಮೊಮ್ಮಗನ ಸಹಾಯದಿಂದ, ಇನ್ನೊಂದು ಯಂತ್ರದ ಮುಂದೆ ಕುಳಿತಿರುತ್ತಾರೆ. ತಮ್ಮನಿಗೆ ಎಂಬತ್ತೊಂದು, ಅಕ್ಕನಿಗೆ ತೊಂಬತ್ತರ ಸಮೀಪ. ಇಬ್ಬರಿಗೂ ಕಿವಿ ಮಂದ. ತುಟಿಯ ಚಲನೆಯನ್ನು ಕಂಡೇ ಮಾತು ತಿಳಿಯಬೇಕು. ಮೊಬೈಲಿನ ಚಿಕ್ಕ ಪರದೆಯಲ್ಲಿ ಅದು ಸಾಗದು. ಅವರ ಪಾಲಿಗೆ ಆ ಹಳೆಯ ಲ್ಯಾಪ್‌ಟಾಪೇ ಗದಗಿಗೆ ಹೋಗುವ ರೈಲು.

2013ರಲ್ಲಿ ಕೊಂಡ ಆ ಯಂತ್ರದಲ್ಲಿ ವಿಂಡೋಸ್ 10 ನಡೆಯುತ್ತಿತ್ತು. 2025ರ ಅಕ್ಟೋಬರ್ 14ರಂದು ಅದಕ್ಕಿದ್ದ ಸಾಮಾನ್ಯ ಬೆಂಬಲವನ್ನು ಮೈಕ್ರೋಸಾಫ್ಟಿನವರು ನಿಲ್ಲಿಸಿದರು. ವಿಂಡೋಸ್ 11 ಹಾಕೋಣವೆಂದರೆ ಅದು ಇಷ್ಟು ಹಳೆಯ ಪ್ರೊಸೆಸರನ್ನು ಒಪ್ಪದು. "ಅಮ್ಮಾ, ಭಂಗಾರದವನಿಗೆ ಕೊಟ್ಟುಬಿಡೋಣ" ಎಂದ ಮಗ. ಮುಂಬಯಿಯ ಭಂಗಾರಕ್ಕೂ ನಮ್ಮ ಬಂಗಾರಕ್ಕೂ ಒಂದೇ ಅಕ್ಷರದ ಅಂತರವೆಂದು ನನಗೆ ಆಗ ಹೊಳೆಯಿತು. ಕೊಡಲಿಲ್ಲ.

ಲಿನಕ್ಸ್ ಎಂಬ ಹೆಸರನ್ನು ವಾಚಕರಲ್ಲಿ ಅನೇಕರು ಕೇಳಿರಬಹುದು. 1991ರಲ್ಲಿ ಫಿನ್‌ಲೆಂಡಿನ ಹೆಲ್ಸಿಂಕಿ ವಿಶ್ವವಿದ್ಯಾಲಯದ ವಿದ್ಯಾರ್ಥಿಯಾಗಿದ್ದ ಲೀನಸ್ ಟೊರ್ವಾಲ್ಡ್ಸ್ ಅದನ್ನು ಆರಂಭಿಸಿದರು. ಅದರ ಮೂಲ ಬರವಣಿಗೆಯನ್ನು ಯಾರು ಬೇಕಾದರೂ ಓದಬಹುದು, ತಿದ್ದಬಹುದು, ಹಂಚಬಹುದು. ಅದನ್ನು ಆಧರಿಸಿದ ಉಬುಂಟು, ಡೆಬಿಯನ್, ಮಿಂಟ್ ಮೊದಲಾದ ವ್ಯವಸ್ಥೆಗಳು ಬಿಟ್ಟಿಯಾಗಿಯೇ ದೊರೆಯುತ್ತವೆ. ನಾನು ಮಿಂಟನ್ನು ಒಂದು ಪೆನ್‌ಡ್ರೈವಿಗೆ ಇಳಿಸಿಕೊಂಡು ಶನಿವಾರ ಸಂಜೆ ಹಾಕಿದೆ. ಪರದೆ ಬಂತು, ಧ್ವನಿ ಬಂತು, ಕ್ಯಾಮೆರಾ ಬಂತು, ಕನ್ನಡ ಅಕ್ಷರಗಳೂ ಮುದ್ದಾಗಿ ಮೂಡಿದವು. ಆದರೆ ವೈ-ಫೈ ಮಾತ್ರ ಇಲ್ಲ! ನೆರೆಹೊರೆಯ ಹತ್ತು ಮನೆಗಳ ಹೆಸರು ಕಾಣಬೇಕಾದ ಪಟ್ಟಿ ಬರಿದಾಗಿತ್ತು.

"ಹೊಸಾದು ಹಾಕಿ ಇದ್ದದ್ದೂ ಕೆಡಿಸಿದಿ ಏನವಾ?" ಎಂದರು ಮಾವನವರು. ಮರುದಿನದ ರವಿವಾರ ಹಾಗೆಯೇ ಕಳೆಯಿತು. ಇಸ್ತ್ರಿಯ ಅಂಗಿ ಗೂಟಕ್ಕೆ ಮರಳಿತು.

ಆ ವಾರ ನಾನು ಕಲಿತುದನ್ನು, ಇದೇ ತೊಂದರೆಗೆ ಸಿಕ್ಕುವ ಸೋದರ ಸೋದರಿಯರಿಗಾಗಿ ಇಲ್ಲಿ ಬರೆಯುತ್ತಿದ್ದೇನೆ. ಬಲ್ಲವರು ನಗಬಾರದು.

ನಮ್ಮ ಅಜ್ಜಂದಿರು ಹೊಟ್ಟೆಪಾಡಿಗಾಗಿ ಮುಂಬಯಿಗೆ ಬಂದಿಳಿದಾಗ ಮರಾಠಿ ಬಾರದು; ಊರಿನವನೊಬ್ಬ ಜೊತೆಗಿದ್ದು ದುಭಾಷಿಯಾಗಬೇಕಾಗಿತ್ತು. ಗಣಕಯಂತ್ರದಲ್ಲಿಯೂ ಹಾಗೆಯೇ. ವೈ-ಫೈ ಚಿಪ್ಪಿನ ಭಾಷೆ ಬೇರೆ, ಲಿನಕ್ಸಿನ ಭಾಷೆ ಬೇರೆ. ನಡುವೆ ನಿಂತು ಮಾತಾಡಿಸುವ ದುಭಾಷಿಗೆ ಡ್ರೈವರ್ ಎಂದು ಹೆಸರು. ಅದರ ಜೊತೆಗೆ, ಚಿಪ್ಪಿನೊಳಕ್ಕೇ ತುಂಬಬೇಕಾದ ಫರ್ಮ್‌ವೇರ್ ಎಂಬ ಸಣ್ಣ ಕಡತವೊಂದು ಅನೇಕ ಚಿಪ್ಪುಗಳಿಗೆ ಬೇಕು. ಇವೆರಡರಲ್ಲಿ ಒಂದು ಇಲ್ಲದಿದ್ದರೂ ಒಳ್ಳೆಯ ಚಿಪ್ಪು ಮೂಕನಂತೆ ಕುಳಿತಿರುತ್ತದೆ.

ಮೊದಲನೆಯದಾಗಿ, ವೈ-ಫೈ ಗುಂಡಿ ಆರಿದೆಯೇ ನೋಡಬೇಕು. ಹಳೆಯ ಲ್ಯಾಪ್‌ಟಾಪುಗಳ ಅಂಚಿನಲ್ಲಿ ಅಥವಾ ಕೀಲಿಮಣೆಯಲ್ಲಿ ಇದಕ್ಕೊಂದು ಗುಂಡಿ ಇರುತ್ತದೆ. ಟರ್ಮಿನಲ್ ಎಂಬ ಕಿಟಕಿಯನ್ನು ತೆರೆದು ‘ಆರ್‌ಎಫ್‌ಕಿಲ್ ಲಿಸ್ಟ್’ ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದರೆ, ತಡೆ ಉಂಟೋ ಇಲ್ಲವೋ ಎಂಬುದನ್ನು ಯಂತ್ರವೇ ಹೇಳುತ್ತದೆ.

ಎರಡನೆಯದಾಗಿ, ಚಿಪ್ಪಿನ ನಿಜವಾದ ಗುರುತನ್ನು ತಿಳಿಯಬೇಕು. ಒಳಗೆ ಕೂಡಿಸಿದ ಚಿಪ್ಪಾದರೆ ‘ಎಲ್‌ಎಸ್‌ಪಿಸಿಐ -ಎನ್‌ಎನ್‌ಕೆ’, ಹೊರಗಿನಿಂದ ಚುಚ್ಚುವ ಅಡಾಪ್ಟರ್ ಆದರೆ ‘ಎಲ್‌ಎಸ್‌ಯುಎಸ್‌ಬಿ’ ಎಂಬ ಆಜ್ಞೆ. ನಾಲ್ಕು ನಾಲ್ಕು ಅಂಕಿ-ಅಕ್ಷರಗಳ ಎರಡು ಗುಂಪು ಕಾಣುತ್ತದೆ. ಮೊದಲಿನದು ತಯಾರಕರ ಸಂಖ್ಯೆ, ಎರಡನೆಯದು ಚಿಪ್ಪಿನದು. ಇಂಟೆಲ್ ಕಂಪೆನಿಯ ಸಂಖ್ಯೆ 8086. ನನ್ನ ಯಂತ್ರದಲ್ಲಿ ಚಿಪ್ಪಿನ ಹೆಸರೇನೋ ಇತ್ತು. ಅದರ ಕೆಳಗೆ, ಬಳಕೆಯಲ್ಲಿರುವ ಡ್ರೈವರ್ ಯಾವುದೆಂದು ತಿಳಿಸುವ ಸಾಲೇ ಇರಲಿಲ್ಲ. ರೋಗ ಸಿಕ್ಕಿತು: ದುಭಾಷಿ ಇಲ್ಲ.

ಮೂರನೆಯದೇ ದೊಡ್ಡ ಪೇಚು. ಡ್ರೈವರನ್ನು ತರಲು ಇಂಟರ್‌ನೆಟ್ ಬೇಕು. ಇಂಟರ್‌ನೆಟ್ ಬರಲು ಡ್ರೈವರ್ ಬೇಕು. ಬಾವಿಗಿಳಿಯಲು ಹಗ್ಗ ಬೇಕು, ಹಗ್ಗವೋ ಬಾವಿಯೊಳಗೇ ಬಿದ್ದಿದೆ! ಇದಕ್ಕೆ ಉಪಾಯ ನಮ್ಮ ಕೈಯಲ್ಲೇ ಇತ್ತು. ಆಂಡ್ರಾಯ್ಡ್ ಮೊಬೈಲನ್ನು ಚಾರ್ಜರಿನ ತಂತಿಯಿಂದ ಲ್ಯಾಪ್‌ಟಾಪಿಗೆ ಜೋಡಿಸಿ, ಸೆಟ್ಟಿಂಗ್ಸಿನಲ್ಲಿ ‘ಯುಎಸ್‌ಬಿ ಟೆದರಿಂಗ್’ ಎಂಬುದನ್ನು ಒತ್ತಿದರೆ, ಮೊಬೈಲಿನ ಇಂಟರ್‌ನೆಟ್ ತಂತಿಯ ಮೂಲಕ ಹರಿದುಬರುತ್ತದೆ. ಆ ಬಳಿಕ ಮಿಂಟಿನ ‘ಡ್ರೈವರ್ ಮ್ಯಾನೇಜರ್’ ತೆರೆದೆ. ನನ್ನ ಚಿಪ್ಪಿಗೆ ತಕ್ಕ ಡ್ರೈವರಿನ ಹೆಸರು ಅಲ್ಲಿತ್ತು. ಉಬುಂಟುವಿನಲ್ಲಿ ಇದನ್ನೇ ‘ಅಡಿಷನಲ್ ಡ್ರೈವರ್ಸ್’ ಎನ್ನುತ್ತಾರೆ. ‘ಸೆಕ್ಯೂರ್ ಬೂಟ್’ ಇರುವ ಯಂತ್ರಗಳಲ್ಲಿ ಈ ಹೊತ್ತಿಗೆ ಒಂದು ಗುಪ್ತಪದವನ್ನು ಕೇಳುತ್ತದೆ. ಅದನ್ನು ಬರೆದಿಟ್ಟುಕೊಳ್ಳಿ. ಮತ್ತೆ ಯಂತ್ರ ಏಳುವಾಗ ನೀಲಿ ಪರದೆಯೊಂದು ಅದನ್ನೇ ಕೇಳುತ್ತದೆ. ಹೆದರಿ ಮುಂದಕ್ಕೆ ದಾಟಿಸಿದರೆ ಡ್ರೈವರ್ ಕೆಲಸ ಮಾಡದು.

ಈ ದುಭಾಷಿ ಮೊದಲೇ ಏಕಿರಲಿಲ್ಲ? ತಪ್ಪು ಲಿನಕ್ಸಿನದೇ? ನಾನೂ ಹಾಗೆಂದೇ ತಿಳಿದಿದ್ದೆ. ಸಂಗತಿ ಬೇರೆ ಇದೆ. ಚಿಪ್ಪಿನ ಭಾಷೆಯ ವ್ಯಾಕರಣ ಅದನ್ನು ಮಾಡಿದ ಕಂಪೆನಿಯ ಬಳಿ ಇರುತ್ತದೆ. ಕೆಲವರು ಅದನ್ನು ಹೊರಗೆ ಕೊಡುವುದಿಲ್ಲ. ಕೆಲವರು ಕಡತ ಕೊಟ್ಟರೂ, ಎಲ್ಲರೂ ತಿದ್ದಿ ಹಂಚಲು ಅನುಮತಿ ಕೊಡುವುದಿಲ್ಲ. ಇಂಥ ಫರ್ಮ್‌ವೇರನ್ನು ಡೆಬಿಯನ್ ಬಳಗದವರು ತಮ್ಮ ಅಧಿಕೃತ ಸ್ಥಾಪನಾ ಪ್ರತಿಯಲ್ಲಿ ತತ್ತ್ವದ ಕಾರಣದಿಂದ ಬಹುಕಾಲ ಸೇರಿಸಿರಲಿಲ್ಲ. 2022ರಲ್ಲಿ ಸದಸ್ಯರ ಮತ ಪಡೆದು, 2023ರ ಜೂನಿನ 12ನೆಯ ಆವೃತ್ತಿಯಿಂದ ಸೇರಿಸತೊಡಗಿದರು.

ಬ್ರಾಡ್‌ಕಾಮ್ ಕಂಪೆನಿಯ ಚಿಪ್ಪುಗಳ ವಿವರ ದೊರೆಯದಿದ್ದ ಕಾಲದಲ್ಲಿ ಸ್ವಯಂಸೇವಕರು ಒಂದು ಉಪಾಯ ಮಾಡಿದರು. ಚಿಪ್ಪು ಹೇಗೆ ನಡೆದುಕೊಳ್ಳುತ್ತದೆಂಬುದನ್ನು ಕೆಲವರು ಪರಿಶೀಲಿಸಿ ವಿವರ ಬರೆದರು. ಬೇರೆಯವರು ಆ ವಿವರವನ್ನು ಮಾತ್ರ ಓದಿ ಹೊಸದಾಗಿ ಡ್ರೈವರ್ ರಚಿಸಿದರು. 2006ರಲ್ಲಿ ಅದು ಲಿನಕ್ಸಿನೊಳಗೆ ಸೇರಿತು. 2010ರಲ್ಲಿ ಆ ಕಂಪೆನಿಯೇ ತನ್ನ ಕೆಲವು ಚಿಪ್ಪುಗಳಿಗೆ ಮುಕ್ತ ಡ್ರೈವರನ್ನು ಪ್ರಕಟಿಸಿತು.

ಈ ಕೆಲಸದಲ್ಲಿ ದುಡಿದವರಲ್ಲಿ ಲ್ಯಾರಿ ಫಿಂಗರ್ ಎಂಬ ಅಮೆರಿಕದ ಹಿರಿಯರೊಬ್ಬರು. ಸ್ಫಟಿಕಗಳ ರಚನೆಯನ್ನು ಅಭ್ಯಸಿಸಿದ ವಿಜ್ಞಾನಿ. ಫಿಂಗರೈಟ್ ಎಂಬ ಖನಿಜಕ್ಕೆ ಅವರದೇ ಹೆಸರು. ನಿವೃತ್ತಿಯ ವಯಸ್ಸಿನಲ್ಲಿ, 2005ರ ಸುಮಾರಿಗೆ, ಈ ಹವ್ಯಾಸ ಹಿಡಿದರು. ಬ್ರಾಡ್‌ಕಾಮ್, ರಿಯಲ್‌ಟೆಕ್ ಮೊದಲಾದವುಗಳ ಡ್ರೈವರುಗಳನ್ನು ತಿದ್ದುತ್ತ, ಗುರುತು ಪರಿಚಯವಿಲ್ಲದವರ ಪ್ರಶ್ನೆಗಳಿಗೆ ಉತ್ತರ ಬರೆಯುತ್ತ, 2024ರ ಜೂನಿನಲ್ಲಿ 84ನೆಯ ವಯಸ್ಸಿನಲ್ಲಿ ತೀರಿಕೊಳ್ಳುವವರೆಗೂ ಅದನ್ನು ಬಿಡಲಿಲ್ಲ. ಅವರ ತಿದ್ದುಪಡಿಗಳು ಸಾವಿರಕ್ಕೂ ಮಿಕ್ಕಿವೆ. ನಮ್ಮ ಸಂಘದ ವಾಚನಾಲಯವನ್ನು ಸಂಜೆ ಹೊತ್ತು ಬಿಟ್ಟಿಯಾಗಿ ನೋಡಿಕೊಳ್ಳುವ ಹಿರಿಯರನ್ನು ಕಂಡವರಿಗೆ ಇಂಥವರ ಗುಣ ಬೇಗ ಅರ್ಥವಾದೀತು.

ಕೊನೆಗೆ, ಹೊಸ ಅಡಾಪ್ಟರ್ ಕೊಳ್ಳುವವರಿಗೆ ಎರಡು ಮಾತು. ಪೆಟ್ಟಿಗೆಯ ಮೇಲಿನ ಹೆಸರನ್ನು ನಂಬದೆ ಒಳಗಿನ ಚಿಪ್ಪು ಯಾವುದೆಂದು ಕೇಳಿರಿ; ಒಂದೇ ಹೆಸರಿನ ಮಾಲಿನಲ್ಲಿ ಆವೃತ್ತಿ ಬದಲಾದಂತೆ ಚಿಪ್ಪೂ ಬದಲಾಗುವುದುಂಟು. ಲಿನಕ್ಸಿನೊಳಗೇ ಡ್ರೈವರ್ ಇರುವ ಚಿಪ್ಪಾದರೆ ಉತ್ತಮ. ಹೊರಗಿನಿಂದ ತಂದ ಡ್ರೈವರು ಲಿನಕ್ಸ್ ಹೊಸದಾದಾಗಲೊಮ್ಮೆ ಕೈಕೊಡಬಹುದು. 2023ರ ಫೆಬ್ರವರಿಯ 6.2ನೆಯ ಆವೃತ್ತಿಯಿಂದ ರಿಯಲ್‌ಟೆಕ್‌ನ ಅನೇಕ ಯುಎಸ್‌ಬಿ ಚಿಪ್ಪುಗಳಿಗೆ ಡ್ರೈವರ್ ಒಳಗೇ ಬಂದಿದೆ. ಚುಚ್ಚಿದ ಕೂಡಲೆ ಕೆಲವು ಅಡಾಪ್ಟರುಗಳು ಸೀಡಿ ಡ್ರೈವಿನ ವೇಷ ತೊಟ್ಟು ಬರುತ್ತವೆ. ಆಗ ಆ ಸೀಡಿಯನ್ನು ‘ಎಜೆಕ್ಟ್’ ಮಾಡಿದರೆ ಅನೇಕ ವೇಳೆ ವೇಷ ಕಳಚಿ ವೈ-ಫೈ ಆಗಿ ನಿಲ್ಲುತ್ತವೆ.

ಮುಂದಿನ ರವಿವಾರ ಹತ್ತಕ್ಕೆ ಹತ್ತು ನಿಮಿಷವಿರುವಾಗಲೇ ಮಾವನವರು ಬಂದು ಕುಳಿತರು. ಪಟ್ಟಿಯಲ್ಲಿ ನಮ್ಮ ಮನೆಯ ಹೆಸರು, ನೆರೆಯವರ ಹೆಸರುಗಳು ಎಲ್ಲ ಇದ್ದವು. ಪರದೆಯ ಮೇಲೆ ಅಕ್ಕನ ಮುಖ ಮೂಡಿತು.

"ತಮ್ಮಾ, ಹ್ವಾದ ವಾರ ಎಲ್ಲಿ ಹೋಗಿದ್ದೀ? ಸೊರಗೀಯಲ್ಲೋ!"

ಮಾವನವರು ನನ್ನ ಕಡೆಗೊಮ್ಮೆ ನೋಡಿ, "ಎಲ್ಲೂ ಹೋಗಿದ್ದಿಲ್ಲಕ್ಕಾ, ರೈಲು ತಡಾ ಆತು" ಎಂದರು.